ಸಂಯೋಜಕ ಅಂಗಾಂಶದ ಕಾಯಿಲೆ ಇರುವವರಿಗೆ ಗಂಟಲು ಕ್ಯಾನ್ಸರ್ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗಂಟಲು ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಕೀಮೋಥೆರಪಿ ಎಂಬ ಮೂರು ಮುಖ್ಯ ಚಿಕಿತ್ಸಾ ವಿಧಾನಗಳಿವೆ. ರೋಗಿಗೆ ಈ ಮೊದಲೇ ಸ್ಕ್ಲೀರೋಡರ್ಮಾ, ಲೂಪಸ್, ರುಮಟಾಯ್ಡ್ ಸಂಧಿವಾತ ಮುಂತಾದ ಸಂಯೋಜಕ ಅಂಗಾಂಶದ ಕಾಯಿಲೆ ಇದ್ದಲ್ಲಿ, ಈ ಮೂರರ ಪೈಕಿ ಯಾವುದನ್ನು, ಯಾವ ಕ್ರಮದಲ್ಲಿ ನೀಡಬೇಕೆಂಬ ತೀರ್ಮಾನವು ಬದಲಾಗಬಹುದು. ಇಂತಹ ರೋಗಿಗಳ ಕಡತವು ಎರಡು ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿರುತ್ತದೆ. ಕೀಲು ಮತ್ತು ಚರ್ಮದ ಕಾಯಿಲೆಯ ದಾಖಲೆಗಳು ಒಂದು ಕಡೆ, ಗಂಟಲಿನ ಕಾಯಿಲೆಯ ದಾಖಲೆಗಳು ಮತ್ತೊಂದು ಕಡೆ ಉಳಿದು, ಒಂದರ ವಿಷಯ ಮತ್ತೊಂದಕ್ಕೆ ತಿಳಿಯದೆ ಹೋಗುವ ಸಂಭವವಿದೆ.

ಸದರಿ ಮಾಹಿತಿಯನ್ನು ರೋಗಿಗಳು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಪ್ರಕಟಿಸಲಾಗಿದೆ. ಇದರ ಸಾರಾಂಶ ಈ ಕೆಳಕಂಡಂತಿದೆ:

ಅ) ಸಂಯೋಜಕ ಅಂಗಾಂಶದ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಗಂಟಲು ಕ್ಯಾನ್ಸರಿಗೆ ಚಿಕಿತ್ಸೆ ಇಲ್ಲ ಎಂದು ಭಾವಿಸತಕ್ಕದ್ದಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಗುಣಪಡಿಸುವ ಉದ್ದೇಶದ ಚಿಕಿತ್ಸೆಯನ್ನೇ ನೀಡಲು ಸಾಧ್ಯವಿದೆ.

ಆ) ಹಳೆಯ ಕಾಯಿಲೆಯ ವಿಷಯವನ್ನು, ದಾಖಲೆಗಳ ಸಹಿತ, ಚಿಕಿತ್ಸಾ ಕ್ರಮ ನಿರ್ಧಾರವಾಗುವುದಕ್ಕೆ ಮೊದಲೇ ಕ್ಯಾನ್ಸರ್ ವೈದ್ಯರ ಗಮನಕ್ಕೆ ತರತಕ್ಕದ್ದು. ವಿಕಿರಣ ಚಿಕಿತ್ಸೆ ಆರಂಭವಾದ ನಂತರ ತಿಳಿಸಿದಲ್ಲಿ ಪ್ರಯೋಜನ ಕಡಿಮೆ.

ಇ) ಹಳೆಯ ಕಾಯಿಲೆಗೆ ಸೇವಿಸುತ್ತಿರುವ ಔಷಧಗಳನ್ನು, ಅದರಲ್ಲೂ ಸ್ಟೀರಾಯ್ಡ್ ಮಾತ್ರೆಗಳನ್ನು, ತಾವಾಗಿಯೇ ನಿಲ್ಲಿಸಬಾರದು.

2. ಸಂಯೋಜಕ ಅಂಗಾಂಶದ ಕಾಯಿಲೆಗಳು ಎಂದರೇನು?

ದೇಹದ ಅಂಗಗಳನ್ನು ಹಿಡಿದಿಟ್ಟು ಅವುಗಳಿಗೆ ಆಧಾರ ಒದಗಿಸುವ ಚರ್ಮದ ಒಳಪದರ, ಸ್ನಾಯುರಜ್ಜು, ಮೃದ್ವಸ್ಥಿ, ರಕ್ತನಾಳದ ಗೋಡೆ ಮುಂತಾದವುಗಳಿಗೆ ಸಂಯೋಜಕ ಅಂಗಾಂಶ ಎನ್ನುತ್ತಾರೆ. ಇವುಗಳಿಗೆ ತಗಲುವ ಕಾಯಿಲೆಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯ ಗುಂಪಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ದಾಳಿ ಮಾಡುತ್ತದೆ. ಅವುಗಳೆಂದರೆ:

• ಸ್ಕ್ಲೀರೋಡರ್ಮಾ: ಚರ್ಮ ಬಿಗಿಯಾಗಿ ಗಟ್ಟಿಯಾಗುವುದು, ಚಳಿಯಲ್ಲಿ ಬೆರಳುಗಳು ಬಿಳಿಚಿ ನೀಲಿಯಾಗುವುದು, ಬಾಯಿ ಅಗಲವಾಗಿ ತೆರೆಯಲು ಆಗದಿರುವುದು. ಶ್ವಾಸಕೋಶ, ಅನ್ನನಾಳ ಮತ್ತು ಮೂತ್ರಪಿಂಡಗಳಿಗೂ ತೊಂದರೆಯಾಗಬಹುದು.
• ಲೂಪಸ್: ಮುಖದ ಮೇಲೆ ಕೆಂಪು ಗುಳ್ಳೆ, ಕೀಲುನೋವು, ಜ್ವರ. ಕೆಲವರಲ್ಲಿ ಮೂತ್ರಪಿಂಡಕ್ಕೆ ಹಾನಿ.
• ರುಮಟಾಯ್ಡ್ ಸಂಧಿವಾತ: ಕೈ, ಮಣಿಕಟ್ಟು, ಮೊಣಕಾಲು ಮುಂತಾದ ಕೀಲುಗಳ ಊತ ಮತ್ತು ಬೆಳಗಿನ ಬಿಗಿತ.
• ಶೋಗ್ರೆನ್ ಕಾಯಿಲೆ: ಬಾಯಿ ಮತ್ತು ಕಣ್ಣು ಒಣಗುವುದು.
• ಡರ್ಮಟೋಮಯೋಸೈಟಿಸ್: ಸ್ನಾಯುಗಳ ನಿಶ್ಶಕ್ತಿ ಮತ್ತು ಚರ್ಮದ ಮೇಲೆ ದದ್ದು. ವಯಸ್ಕರಲ್ಲಿ ಈ ಕಾಯಿಲೆಯು ದೇಹದಲ್ಲಿ ಅಡಗಿರುವ ಕ್ಯಾನ್ಸರಿನೊಂದಿಗೆ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಹೊಸದಾಗಿ ಪತ್ತೆಯಾದವರಲ್ಲಿ ಕ್ಯಾನ್ಸರ್ ತಪಾಸಣೆಯನ್ನು ಮಾಡಿಸಲಾಗುತ್ತದೆ.

ಎರಡನೆಯ ಗುಂಪು ಹುಟ್ಟಿನಿಂದ ಬರುವಂತಹವು. ಮಾರ್ಫಾನ್ ಮತ್ತು ಎಹ್ಲರ್ಸ್-ಡಾನ್ಲಾಸ್ ಕಾಯಿಲೆಗಳು ಇದಕ್ಕೆ ಉದಾಹರಣೆ. ಇವುಗಳಲ್ಲಿ ಅಂಗಾಂಶದ ರಚನೆಯೇ ದುರ್ಬಲವಾಗಿರುತ್ತದೆ.

3. ಲಕ್ಷಣಗಳನ್ನು ಹಳೆಯ ಕಾಯಿಲೆಯ ಲೆಕ್ಕಕ್ಕೆ ಹಾಕಬಾರದು

ಧ್ವನಿಪೆಟ್ಟಿಗೆ, ನಾಲಿಗೆಯ ಬುಡ, ಟಾನ್ಸಿಲ್ ಹಾಗೂ ಅನ್ನನಾಳದ ಮೇಲ್ಭಾಗದ ಗಂಟಲಿನಲ್ಲಿ ಉಂಟಾಗುವ ಕ್ಯಾನ್ಸರುಗಳನ್ನು ಜನಸಾಮಾನ್ಯರು ಒಟ್ಟಾಗಿ ಗಂಟಲು ಕ್ಯಾನ್ಸರ್ ಎನ್ನುತ್ತಾರೆ. ಬೀಡಿ, ಸಿಗರೇಟು, ತಂಬಾಕು ಅಗಿಯುವುದು ಮತ್ತು ಮದ್ಯಪಾನ ಇದರ ಪ್ರಮುಖ ಕಾರಣಗಳು. ಲಕ್ಷಣಗಳು ಈ ಕೆಳಕಂಡಂತಿವೆ:

• ಮೂರು ವಾರಗಳಿಗೂ ಮೀರಿ ಉಳಿಯುವ ಧ್ವನಿ ಒಡಕು
• ನುಂಗಲು ತೊಂದರೆ ಅಥವಾ ನೋವು
• ಕುತ್ತಿಗೆಯಲ್ಲಿ ಗಂಟು
• ಕಿವಿಯಲ್ಲಿ ದೋಷವಿಲ್ಲದಿದ್ದರೂ ಒಂದೇ ಕಡೆಯ ಕಿವಿನೋವು
• ಕಫದಲ್ಲಿ ರಕ್ತ, ಉಸಿರಾಡುವಾಗ ಶಬ್ದ

ಇಲ್ಲಿ ಒಂದು ವಿಶೇಷ ತೊಡಕಿದೆ. ಇವುಗಳಲ್ಲಿ ಹಲವು ಲಕ್ಷಣಗಳು ಸಂಯೋಜಕ ಅಂಗಾಂಶದ ಕಾಯಿಲೆಯಿಂದಲೂ ಬರುತ್ತವೆ. ಸ್ಕ್ಲೀರೋಡರ್ಮಾ ಇರುವವರಿಗೆ ಅನ್ನನಾಳದ ಚಲನೆ ಕುಂದಿ ನುಂಗಲು ಕಷ್ಟವಾಗುತ್ತದೆ. ಹೊಟ್ಟೆಯ ಆಮ್ಲವು ಮೇಲೆ ಬಂದು ಧ್ವನಿ ಒಡೆಯುತ್ತದೆ. ರುಮಟಾಯ್ಡ್ ಸಂಧಿವಾತವು ಧ್ವನಿಪೆಟ್ಟಿಗೆಯೊಳಗಿನ ಸಣ್ಣ ಕೀಲುಗಳಿಗೂ ತಗಲಿ ಧ್ವನಿಯನ್ನು ಕೆಡಿಸುತ್ತದೆ. ಹೀಗಾಗಿ "ಇದು ಹಳೆಯ ಕಾಯಿಲೆಯದೇ" ಎಂದು ರೋಗಿಯೂ, ಕೆಲವೊಮ್ಮೆ ವೈದ್ಯರೂ ಸುಮ್ಮನಾಗಿ ತಿಂಗಳುಗಳು ಕಳೆದುಹೋಗಬಹುದು. ಧ್ವನಿ ಒಡಕು ಮೂರು ವಾರ ದಾಟಿದಲ್ಲಿ, ಹಳೆಯ ಕಾಯಿಲೆ ಏನೇ ಇರಲಿ, ಕಿವಿ, ಮೂಗು, ಗಂಟಲು ತಜ್ಞರಿಂದ ಗಂಟಲಿನ ಒಳಭಾಗವನ್ನು ಪರೀಕ್ಷೆ ಮಾಡಿಸತಕ್ಕದ್ದು.

ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಸೇವಿಸುವವರಲ್ಲಿ ಧ್ವನಿಪೆಟ್ಟಿಗೆಯ ಕ್ಷಯರೋಗವೂ ಕಾಣಿಸಿಕೊಳ್ಳಬಹುದು. ಇದು ನೋಟಕ್ಕೆ ಕ್ಯಾನ್ಸರಿನಂತೆಯೇ ಇರುತ್ತದೆ. ಆದ್ದರಿಂದ ಬಯಾಪ್ಸಿ ಪರೀಕ್ಷೆಯಿಲ್ಲದೆ ಯಾವುದೇ ತೀರ್ಮಾನಕ್ಕೆ ಬರಲಾಗದು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಪರೀಕ್ಷೆಯನ್ನು ಮುಂದೂಡಬಾರದು.

4. ವಿಕಿರಣ ಚಿಕಿತ್ಸೆ: ಎಚ್ಚರಿಕೆ ಏಕೆ?

ಗಂಟಲು ಕ್ಯಾನ್ಸರಿಗೆ ಪೂರ್ಣ ಪ್ರಮಾಣದ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ 66ರಿಂದ 70 ಗ್ರೇ ಪ್ರಮಾಣವನ್ನು, ವಾರಕ್ಕೆ ಐದು ದಿನಗಳಂತೆ, ಆರೂವರೆಯಿಂದ ಏಳು ವಾರಗಳಲ್ಲಿ ಹಂಚಿ ನೀಡುವುದು. ವಿಕಿರಣವು ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವುದರ ಜೊತೆಗೆ ಅಕ್ಕಪಕ್ಕದ ಸಣ್ಣ ರಕ್ತನಾಳಗಳಿಗೂ ಹಾನಿ ಮಾಡುತ್ತದೆ; ಕ್ರಮೇಣ ಅಲ್ಲಿನ ಅಂಗಾಂಶವು ನಾರುಗಟ್ಟಿ ಬಿಗಿಯಾಗುತ್ತದೆ. ಸ್ಕ್ಲೀರೋಡರ್ಮಾದಲ್ಲಿ ಇದೇ ಎರಡು ಬದಲಾವಣೆಗಳು ಕಾಯಿಲೆಯಿಂದಲೇ ಆಗುತ್ತಿರುತ್ತವೆ. ಒಂದರ ಮೇಲೆ ಮತ್ತೊಂದು ಸೇರಿದಾಗ ಕುತ್ತಿಗೆಯ ಚರ್ಮ ಗಟ್ಟಿಯಾಗುವುದು, ಗಂಟಲು ಕಿರಿದಾಗಿ ನುಂಗಲು ಆಗದಿರುವುದು, ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಕೊಳೆಯುವುದು ಮುಂತಾದ ತೊಂದರೆಗಳು ಚಿಕಿತ್ಸೆ ಮುಗಿದು ತಿಂಗಳುಗಳು ಅಥವಾ ವರ್ಷಗಳ ನಂತರ ತೀವ್ರವಾಗಿ ಕಾಣಿಸಿಕೊಳ್ಳಬಹುದು.

ಹಿಂದೆ ಈ ಕಾಯಿಲೆಗಳಿರುವ ಎಲ್ಲರಿಗೂ ವಿಕಿರಣ ಚಿಕಿತ್ಸೆ ನಿಷಿದ್ಧ ಎಂಬ ಅಭಿಪ್ರಾಯ ವ್ಯಾಪಕವಾಗಿತ್ತು. ನಂತರದ ಅಧ್ಯಯನಗಳಿಂದ ಈ ಅಭಿಪ್ರಾಯವು ಪರಿಷ್ಕೃತವಾಗಿದೆ. ಅಮೆರಿಕದಲ್ಲಿ ವಿಕಿರಣ ಚಿಕಿತ್ಸೆ ಪಡೆದ ಇಂತಹ 209 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷಗಳ ಅವಧಿಯಲ್ಲಿ ತೀವ್ರ ಸ್ವರೂಪದ ತಡವಾದ ತೊಂದರೆಗಳು ರುಮಟಾಯ್ಡ್ ಸಂಧಿವಾತದವರಲ್ಲಿ ಶೇಕಡಾ 6ರಷ್ಟು, ಇತರ ಸಂಯೋಜಕ ಅಂಗಾಂಶದ ಕಾಯಿಲೆಯವರಲ್ಲಿ ಶೇಕಡಾ 21ರಷ್ಟು ಕಂಡುಬಂದವು. ಇದು ಗಂಟಲಿಗೆ ಮಾತ್ರವಲ್ಲದೆ ದೇಹದ ಬೇರೆ ಬೇರೆ ಭಾಗಗಳಿಗೆ ನೀಡಿದ ಚಿಕಿತ್ಸೆಯ ಲೆಕ್ಕವಾಗಿರುತ್ತದೆ. ಇಂದಿನ ತಿಳಿವಳಿಕೆಯನ್ನು ಈ ಕೆಳಕಂಡಂತೆ ಸಂಗ್ರಹಿಸಬಹುದು:

• ರುಮಟಾಯ್ಡ್ ಸಂಧಿವಾತ: ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಗೆ ಅಡ್ಡಿಯಿಲ್ಲ.
• ಸ್ಕ್ಲೀರೋಡರ್ಮಾ ಮತ್ತು ಲೂಪಸ್: ಕಾಯಿಲೆ ಸಕ್ರಿಯವಾಗಿರುವಾಗ ಅಪಾಯ ಹೆಚ್ಚು. ಬೇರೆ ಸಮಾನ ಚಿಕಿತ್ಸೆ ಲಭ್ಯವಿದ್ದಲ್ಲಿ ಅದನ್ನು ಮೊದಲು ಪರಿಗಣಿಸಲಾಗುತ್ತದೆ. ಬೇರೆ ದಾರಿಯಿಲ್ಲದಿದ್ದಲ್ಲಿ ಎಚ್ಚರಿಕೆಯಿಂದ ವಿಕಿರಣವನ್ನೂ ನೀಡಬಹುದು.
• ಶೋಗ್ರೆನ್ ಕಾಯಿಲೆ: ಮೊದಲೇ ಒಣಗಿರುವ ಬಾಯಿ ಇನ್ನಷ್ಟು ಒಣಗುತ್ತದೆ. ಹಲ್ಲುಗಳ ರಕ್ಷಣೆ ಅತಿ ಮುಖ್ಯ.
• ಮಾರ್ಫಾನ್ ಮತ್ತು ಎಹ್ಲರ್ಸ್-ಡಾನ್ಲಾಸ್: ಇಲ್ಲಿ ಮುಖ್ಯ ಚಿಂತೆ ಅರಿವಳಿಕೆ, ರಕ್ತಸ್ರಾವ ಮತ್ತು ಗಾಯ ಮಾಯುವುದರ ಕುರಿತಾಗಿರುತ್ತದೆ.

ವಿಕಿರಣ ಚಿಕಿತ್ಸೆ ಅನಿವಾರ್ಯವಾದಾಗ, ಕಿರಣಗಳ ತೀವ್ರತೆಯನ್ನು ನಿಯಂತ್ರಿಸಿ ಜೊಲ್ಲುಗ್ರಂಥಿ ಮುಂತಾದ ಭಾಗಗಳಿಗೆ ತಗಲುವ ಪ್ರಮಾಣವನ್ನು ಕಡಿಮೆ ಮಾಡುವ ಐ.ಎಂ.ಆರ್.ಟಿ. ವಿಧಾನದ ಲಭ್ಯತೆಯನ್ನು ವಿಚಾರಿಸುವುದು ಸೂಕ್ತ. ವಿಕಿರಣದ ಜೊತೆಯಲ್ಲೇ ಕೀಮೋಥೆರಪಿ ನೀಡಬೇಕೇ ಎಂಬುದನ್ನು ಇಂತಹ ರೋಗಿಗಳಲ್ಲಿ ಪ್ರತ್ಯೇಕವಾಗಿ ಚರ್ಚಿಸಲಾಗುತ್ತದೆ.

5. ಶಸ್ತ್ರಚಿಕಿತ್ಸೆ

ಧ್ವನಿತಂತುವಿನ ಆರಂಭಿಕ ಹಂತದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮತ್ತು ಬಾಯಿಯ ಮೂಲಕ ಮಾಡುವ ಲೇಸರ್ ಶಸ್ತ್ರಚಿಕಿತ್ಸೆ ಎರಡೂ ಹೆಚ್ಚು ಕಡಿಮೆ ಸಮಾನ ಫಲ ನೀಡುತ್ತವೆ. ಇತರ ರೋಗಿಗಳು ಇವೆರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆದರೆ ಸ್ಕ್ಲೀರೋಡರ್ಮಾ ಅಥವಾ ಸಕ್ರಿಯ ಲೂಪಸ್ ಇರುವವರಿಗೆ ಶಸ್ತ್ರಚಿಕಿತ್ಸೆಯ ಕಡೆಗೆ ತಕ್ಕಡಿ ವಾಲುತ್ತದೆ. ಕಾಯಿಲೆ ಆರಂಭದಲ್ಲೇ ಪತ್ತೆಯಾದರೆ ಮಾತ್ರ ಈ ಆಯ್ಕೆ ಉಳಿದಿರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಮುಂದುವರಿದ ಹಂತದಲ್ಲಿ ಧ್ವನಿಪೆಟ್ಟಿಗೆಯನ್ನು ಉಳಿಸಿಕೊಳ್ಳಲು ಕೀಮೋಥೆರಪಿ ಮತ್ತು ವಿಕಿರಣವನ್ನು ಒಟ್ಟಿಗೆ ನೀಡುವುದು ಒಂದು ಮಾರ್ಗ. ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆಯುವುದು ಮತ್ತೊಂದು ಮಾರ್ಗ. ಮೊದಲು ಶಸ್ತ್ರಚಿಕಿತ್ಸೆ ನಡೆಸಿದಲ್ಲಿ, ತೆಗೆದ ಭಾಗದ ಪರೀಕ್ಷಾ ವರದಿಯನ್ನು ನೋಡಿ ವಿಕಿರಣದ ಅಗತ್ಯವಿದೆಯೇ ಎಂಬುದನ್ನು ನಿರ್ಧರಿಸಬಹುದು. ಧ್ವನಿ ಕಳೆದುಕೊಳ್ಳುವುದು ಸಣ್ಣ ವಿಷಯವಲ್ಲ. ಆದ್ದರಿಂದ ಎರಡೂ ಮಾರ್ಗಗಳ ಲಾಭ ನಷ್ಟಗಳನ್ನು ವೈದ್ಯರಿಂದ ಕೇಳಿ ತಿಳಿದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವುದು ರೋಗಿಯ ಹಕ್ಕಾಗಿರುತ್ತದೆ.

ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಬೇಕಾದ ಅಂಶಗಳು:

• ಬಾಯಿ ಎಷ್ಟು ತೆರೆಯುತ್ತದೆ. ಸ್ಕ್ಲೀರೋಡರ್ಮಾದಲ್ಲಿ ಬಾಯಿ ಕಿರಿದಾಗಿದ್ದರೆ ಉಸಿರಾಟದ ಕೊಳವೆ ಇಳಿಸುವುದೂ, ಬಾಯಿಯ ಮೂಲಕ ಲೇಸರ್ ಉಪಕರಣ ಹಾಕುವುದೂ ಕಷ್ಟವಾಗುತ್ತದೆ.
• ಕುತ್ತಿಗೆ ನೋವು ಅಥವಾ ಕೈಗಳಲ್ಲಿ ಜೋಮು. ದೀರ್ಘಕಾಲದ ರುಮಟಾಯ್ಡ್ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲವಾಗಿರಬಹುದು. ಇದು ತಿಳಿಯದೆ ಕುತ್ತಿಗೆಯನ್ನು ಬಾಗಿಸಿದಲ್ಲಿ ಬೆನ್ನುಹುರಿಗೆ ಅಪಾಯವಿದೆ. ಇದಕ್ಕಾಗಿ ಕುತ್ತಿಗೆಯ ಎಕ್ಸ್‌-ರೇ ಅಗತ್ಯವಾಗಬಹುದು.
• ನಡೆದಾಡುವಾಗ ಉಸಿರು ಕಟ್ಟುವುದು. ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಮತ್ತು ಹೃದಯದ ಎಕೋ ಪರೀಕ್ಷೆ ಮಾಡಿಸಬೇಕಾಗುತ್ತದೆ. ಶ್ವಾಸಕೋಶ ದುರ್ಬಲವಾಗಿರುವವರಲ್ಲಿ ಧ್ವನಿಪೆಟ್ಟಿಗೆಯ ಒಂದು ಭಾಗವನ್ನು ಮಾತ್ರ ತೆಗೆದಾಗ ಆಹಾರವು ಶ್ವಾಸನಾಳಕ್ಕೆ ಇಳಿಯುವುದು ಹೆಚ್ಚು ಅಪಾಯಕಾರಿ.
• ಚಳಿಯಲ್ಲಿ ಬೆರಳು ನೀಲಿಯಾಗುವುದು. ಅಂತಹವರಲ್ಲಿ ಬೆರಳಿಗೆ ಹಾಕುವ ಆಮ್ಲಜನಕ ಮಾಪಕವು ಸರಿಯಾದ ಅಂಕಿ ತೋರಿಸದಿರಬಹುದು.
• ಮಾರ್ಫಾನ್ ಇರುವವರಲ್ಲಿ ಮಹಾಪಧಮನಿಯ ಹಿಗ್ಗುವಿಕೆ. ಎಹ್ಲರ್ಸ್-ಡಾನ್ಲಾಸ್ ಇರುವವರಲ್ಲಿ ಹಿಂದಿನ ರಕ್ತಸ್ರಾವ ಅಥವಾ ಮಾಯದ ಗಾಯಗಳ ವಿವರ.

6. ಕೀಮೋಥೆರಪಿ ಮತ್ತು ಹೊಸ ಔಷಧಗಳು

ಗಂಟಲು ಕ್ಯಾನ್ಸರಿನಲ್ಲಿ ವಿಕಿರಣದ ಜೊತೆಗೆ ಹೆಚ್ಚಾಗಿ ಬಳಸುವ ಔಷಧ ಸಿಸ್‌ಪ್ಲಾಟಿನ್. ಇದು ಮೂತ್ರಪಿಂಡ, ಶ್ರವಣ ಮತ್ತು ನರಗಳ ಮೇಲೆ ಪರಿಣಾಮ ಬೀರುತ್ತದೆ. ಲೂಪಸ್ ಅಥವಾ ಸ್ಕ್ಲೀರೋಡರ್ಮಾದಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದನ್ನು ನೀಡಲಾಗದೆ ಇರಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಅವಶ್ಯಕ.

ಸಿಸ್‌ಪ್ಲಾಟಿನ್ ನೀಡಲಾಗದವರಿಗೆ ವಿಕಿರಣದ ಜೊತೆ ವಾರಕ್ಕೊಮ್ಮೆ ಕಡಿಮೆ ಪ್ರಮಾಣದ ಡೊಸಿಟ್ಯಾಕ್ಸೆಲ್ ನೀಡುವುದು ಪ್ರಯೋಜನಕಾರಿ ಎಂಬುದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದರೆ ಈ ವರ್ಗದ ಔಷಧಗಳಿಂದಲೇ ಕೆಲವರಲ್ಲಿ ಸ್ಕ್ಲೀರೋಡರ್ಮಾದಂತೆ ಚರ್ಮ ಬಿಗಿಯಾಗುವುದುಂಟು. ಹೀಗಾಗಿ ಒಬ್ಬರಿಗೆ ಒಪ್ಪಿದ ಬದಲಿ ಔಷಧವು ಇನ್ನೊಬ್ಬರಿಗೆ ಒಪ್ಪಬೇಕೆಂದಿಲ್ಲ.

ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಹುರಿದುಂಬಿಸುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಮುಂತಾದ ಔಷಧಗಳು ಈಚೆಗೆ ಬಳಕೆಯಲ್ಲಿವೆ. ರೋಗನಿರೋಧಕ ವ್ಯವಸ್ಥೆಯೇ ಮೂಲವಾಗಿರುವ ಲೂಪಸ್ ಮುಂತಾದ ಕಾಯಿಲೆಗಳು ಇವುಗಳಿಂದ ಉಲ್ಬಣಗೊಳ್ಳಬಹುದು. ಇವು ಸಂಪೂರ್ಣ ನಿಷಿದ್ಧವಲ್ಲವಾದರೂ, ಎರಡೂ ವಿಭಾಗಗಳ ವೈದ್ಯರ ಒಪ್ಪಿಗೆಯ ನಂತರವೇ ಆರಂಭಿಸತಕ್ಕದ್ದು.

7. ಈಗಾಗಲೇ ಸೇವಿಸುತ್ತಿರುವ ಔಷಧಗಳು

• ಸ್ಟೀರಾಯ್ಡ್ (ಪ್ರೆಡ್ನಿಸೊಲೋನ್ ಮುಂತಾದವು): ದೀರ್ಘಕಾಲ ಸೇವಿಸಿದವರು ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಹೆಚ್ಚುವರಿ ಪ್ರಮಾಣ ಬೇಕಾಗಬಹುದು. ಮತ್ತೊಂದೆಡೆ, ಸ್ಕ್ಲೀರೋಡರ್ಮಾ ಇರುವವರಲ್ಲಿ ದಿನಕ್ಕೆ 15 ಮಿಲಿಗ್ರಾಂಗಿಂತ ಹೆಚ್ಚಿನ ಪ್ರೆಡ್ನಿಸೊಲೋನ್ ಮೂತ್ರಪಿಂಡದ ಹಠಾತ್ ವೈಫಲ್ಯಕ್ಕೆ ದಾರಿಯಾಗಬಹುದು. ಕೀಮೋಥೆರಪಿಯಲ್ಲಿ ವಾಂತಿ ತಡೆಯಲು ನೀಡುವ ಔಷಧದಲ್ಲೂ ಸ್ಟೀರಾಯ್ಡ್ ಇರುವುದರಿಂದ, ಅಂತಹವರ ರಕ್ತದೊತ್ತಡವನ್ನು ನಿಯಮಿತವಾಗಿ ನೋಡತಕ್ಕದ್ದು.
• ಮೆಥೋಟ್ರೆಕ್ಸೇಟ್: ಕೀಲುಬೇನೆಗೆ ಇದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು. ತಪ್ಪಿ ಪ್ರತಿದಿನ ಸೇವಿಸಿದಲ್ಲಿ ಬಾಯಿ ಹುಣ್ಣು, ರಕ್ತಕಣಗಳ ಕುಸಿತ ಮತ್ತು ಸಾವು ಸಂಭವಿಸಬಹುದು. ವಿಕಿರಣದ ಅವಧಿಯಲ್ಲಿ ಇದನ್ನು ಮುಂದುವರಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.
• ಅಜಥಯೋಪ್ರಿನ್, ಮೈಕೊಫಿನೊಲೇಟ್ ಮತ್ತು ಚುಚ್ಚುಮದ್ದಿನ ರೂಪದ ಜೈವಿಕ ಔಷಧಗಳು: ಸೋಂಕಿನ ಅಪಾಯ ಹೆಚ್ಚಿಸುತ್ತವೆ. ಕ್ಯಾನ್ಸರ್ ಚಿಕಿತ್ಸೆಯ ಅವಧಿಯಲ್ಲಿ ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗುತ್ತದೆ.
• ನಾಟಿ ಔಷಧ ಅಥವಾ ಅಂಗಡಿಯಲ್ಲಿ ಕೇಳಿ ಪಡೆದ ನೋವಿನ ಮಾತ್ರೆ ಸೇವಿಸುತ್ತಿದ್ದಲ್ಲಿ ಅದನ್ನೂ ಮರೆಮಾಚದೆ ತಿಳಿಸತಕ್ಕದ್ದು. ನೋವಿನ ಮಾತ್ರೆಗಳು ಸಿಸ್‌ಪ್ಲಾಟಿನ್ ಜೊತೆ ಸೇರಿ ಮೂತ್ರಪಿಂಡಕ್ಕೆ ಹೆಚ್ಚಿನ ಹಾನಿ ಮಾಡಬಹುದು.

8. ಹಲ್ಲು, ಆಹಾರ ಮತ್ತು ನುಂಗುವಿಕೆ

ವಿಕಿರಣ ಚಿಕಿತ್ಸೆಗೆ ಮೊದಲು ದಂತ ವೈದ್ಯರ ತಪಾಸಣೆ ಎಲ್ಲರಿಗೂ ಅಗತ್ಯ; ಶೋಗ್ರೆನ್ ಮತ್ತು ಸ್ಕ್ಲೀರೋಡರ್ಮಾ ಇರುವವರಿಗೆ ಅನಿವಾರ್ಯ. ಕೀಳಬೇಕಾದ ಹಲ್ಲುಗಳನ್ನು ವಿಕಿರಣ ಆರಂಭವಾಗುವ ಎರಡು ಮೂರು ವಾರಗಳ ಮೊದಲೇ ಕೀಳಿಸಿ ಗಾಯ ಮಾಯಲು ಬಿಡಬೇಕು. ವಿಕಿರಣದ ನಂತರ ಹಲ್ಲು ಕೀಳಿಸಿದಲ್ಲಿ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ಚಿಕಿತ್ಸೆಯ ಅವಧಿಯಲ್ಲಿ ಬಾಯಿಯಿಂದ ಸಾಕಷ್ಟು ಆಹಾರ ಸೇವಿಸಲು ಆಗದಿದ್ದಲ್ಲಿ ಮೂಗಿನ ಮೂಲಕ ಅಥವಾ ಹೊಟ್ಟೆಯ ಮೂಲಕ ನಳಿಕೆ ಅಳವಡಿಸಿ ದ್ರವ ಆಹಾರ ನೀಡಲಾಗುತ್ತದೆ. ನುಂಗುವ ಸ್ನಾಯುಗಳು ಬಿಗಿಯಾಗದಂತೆ ವಾಕ್ ಚಿಕಿತ್ಸಕರು ಹೇಳಿಕೊಡುವ ವ್ಯಾಯಾಮಗಳನ್ನು ಮೊದಲ ದಿನದಿಂದಲೇ ಮಾಡುವುದು ಉತ್ತಮ. ತಂಬಾಕು ಮತ್ತು ಮದ್ಯವನ್ನು ಪೂರ್ಣವಾಗಿ ತ್ಯಜಿಸತಕ್ಕದ್ದು. ಇದಕ್ಕೆ ನೆರವು ಬೇಕಾದವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

9. ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಬೇಕಾದ ದಾಖಲೆಗಳು

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಕೀಮೋಥೆರಪಿ ವಿಭಾಗದ ವೈದ್ಯರು ಒಟ್ಟಿಗೆ ಕುಳಿತು ಚಿಕಿತ್ಸಾ ಕ್ರಮವನ್ನು ನಿರ್ಧರಿಸುವ ಪದ್ಧತಿಯಿದೆ. ಅವರ ಮುಂದೆ ಇರುವ ಕಡತದಲ್ಲಿ ಹಳೆಯ ಕಾಯಿಲೆಯ ವಿವರ ಇಲ್ಲದಿದ್ದಲ್ಲಿ ಅದನ್ನು ಪರಿಗಣಿಸಲು ಅವಕಾಶವೇ ಇರುವುದಿಲ್ಲ. ಆದ್ದರಿಂದ ಈ ಕೆಳಕಂಡ ದಾಖಲೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದು ಸೆಟ್ ಜೆರಾಕ್ಸ್ ಪ್ರತಿಯನ್ನು ತಮ್ಮ ಬಳಿ ಉಳಿಸಿಕೊಂಡು, ಹಾಜರುಪಡಿಸುವುದು:

1) ಹಳೆಯ ಕಾಯಿಲೆಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಪತ್ರ. ಕಾಯಿಲೆಯ ಹೆಸರು, ಪತ್ತೆಯಾದ ವರ್ಷ, ಈಗ ಸಕ್ರಿಯವಾಗಿದೆಯೇ ಅಥವಾ ಹತೋಟಿಯಲ್ಲಿದೆಯೇ, ಯಾವ ಅಂಗಗಳಿಗೆ ತಗಲಿದೆ ಎಂಬ ನಾಲ್ಕು ವಿವರಗಳು ಅದರಲ್ಲಿರಬೇಕು. ಸಂಧಿವಾತ ತಜ್ಞರು ಇಲ್ಲದ ಊರಿನವರು ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸಾಮಾನ್ಯ ವೈದ್ಯಶಾಸ್ತ್ರ ವಿಭಾಗದಿಂದ ಪತ್ರ ಪಡೆಯಬಹುದು.
2) ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರು ಮತ್ತು ಪ್ರಮಾಣ. ಬರೆಯಲು ಆಗದಿದ್ದಲ್ಲಿ ಮಾತ್ರೆಯ ಹಾಳೆಗಳನ್ನೇ ತರುವುದು.
3) ರಕ್ತ, ಮೂತ್ರ, ಎಕೋ ಮತ್ತು ಶ್ವಾಸಕೋಶ ಪರೀಕ್ಷೆಯ ವರದಿಗಳು.
4) ಬಯಾಪ್ಸಿ ವರದಿ ಹಾಗೂ ಸ್ಕ್ಯಾನ್ ವರದಿ ಮತ್ತು ಚಿತ್ರಗಳು.
5) ಹಿಂದೆ ಯಾವುದೇ ಕಾರಣಕ್ಕೆ ವಿಕಿರಣ ಚಿಕಿತ್ಸೆ ಪಡೆದಿದ್ದಲ್ಲಿ ಅದರ ವಿವರ.
6) ಆಧಾರ್ ಕಾರ್ಡ್, ಪಡಿತರ ಚೀಟಿ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ.

10. ಯೋಜನೆಗಳ ಅಡಿಯಲ್ಲಿ ದೊರೆಯುವ ಸೌಲಭ್ಯ

ಆರೋಗ್ಯ ಕರ್ನಾಟಕ ಯೋಜನೆಯು 2018ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸೇರ್ಪಡೆಯಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದರ ಅನುಷ್ಠಾನ ಸಂಸ್ಥೆಯಾಗಿದೆ. ಫಲಾನುಭವಿಗಳಲ್ಲಿ ಎರಡು ವರ್ಗಗಳಿವೆ:

• ಅರ್ಹತಾ ರೋಗಿ: ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರ ಅಡಿಯಲ್ಲಿ ಪಡಿತರ ಚೀಟಿ ಹೊಂದಿರುವ ಕುಟುಂಬದವರು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ.
• ಸಾಮಾನ್ಯ ರೋಗಿ: ಇತರ ಕುಟುಂಬದವರು. ಸರ್ಕಾರದ ಪ್ಯಾಕೇಜ್ ದರದ ಶೇಕಡಾ 30ರಷ್ಟು ನೆರವು; ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ. ಉದಾಹರಣೆಗೆ ಒಂದು ಚಿಕಿತ್ಸೆಯ ಪ್ಯಾಕೇಜ್ ದರ 1,00,000 ರೂಪಾಯಿ ಎಂದಿಟ್ಟುಕೊಂಡಲ್ಲಿ, 30,000 ರೂಪಾಯಿಗಳನ್ನು ಸರ್ಕಾರವೂ, 70,000 ರೂಪಾಯಿಗಳನ್ನು ರೋಗಿಯೂ ಭರಿಸಬೇಕಾಗುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಗೆ ಭೇಟಿ ನೀಡಿ, ಅಲ್ಲಿ ಸದರಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ರೆಫರಲ್ ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗತಕ್ಕದ್ದು. ಉಸಿರು ಕಟ್ಟುವುದು ಮುಂತಾದ ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ದಾಖಲಾಗಬಹುದು. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ನೋಂದಣಿ ಮತ್ತು ಪೂರ್ವಾನುಮತಿಯ ವಿಷಯದಲ್ಲಿ ನೆರವಾಗುತ್ತಾರೆ. ಚಿಕಿತ್ಸಾ ಕ್ರಮ ಮಧ್ಯದಲ್ಲಿ ಬದಲಾದಲ್ಲಿ, ಉದಾಹರಣೆಗೆ ವಿಕಿರಣದ ಬದಲು ಶಸ್ತ್ರಚಿಕಿತ್ಸೆ ಎಂದಾದಲ್ಲಿ, ಬದಲಾದ ಚಿಕಿತ್ಸೆಗೆ ಆಸ್ಪತ್ರೆಯು ಅನುಮತಿ ಪಡೆಯಬೇಕಾಗುತ್ತದೆ. ಹಳೆಯ ಕಾಯಿಲೆಯ ವಿವರ ಮೊದಲೇ ಕಡತದಲ್ಲಿದ್ದರೆ ಇಂತಹ ಬದಲಾವಣೆ ಮತ್ತು ವಿಳಂಬವನ್ನು ತಪ್ಪಿಸಬಹುದು. ಯೋಜನೆಯ ವಿವರಗಳಿಗೆ 14555 ಸಂಖ್ಯೆಗೆ ಕರೆ ಮಾಡಬಹುದು.

ರಾಜ್ಯದಲ್ಲಿ ಸರ್ಕಾರಿ ವಲಯದ ಪ್ರಮುಖ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವು 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಾಗಿದ್ದು, ಇದರ ಕೇಂದ್ರವು ಕಲಬುರಗಿಯಲ್ಲಿಯೂ ಇದೆ.

ಪ್ರಯಾಣ ರಿಯಾಯಿತಿ: ಚಿಕಿತ್ಸೆ ಅಥವಾ ಮರುತಪಾಸಣೆಗೆ ತೆರಳುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯು ಸ್ಲೀಪರ್ ಮತ್ತು ಎ.ಸಿ. ಮೂರು ಹಂತದ ದರ್ಜೆಗಳಲ್ಲಿ ಪೂರ್ಣ ರಿಯಾಯಿತಿಯನ್ನು, ಜೊತೆಗಾರರೊಬ್ಬರಿಗೆ ಅದೇ ದರ್ಜೆಗಳಲ್ಲಿ ಶೇಕಡಾ 75ರಷ್ಟು ರಿಯಾಯಿತಿಯನ್ನು ನೀಡುತ್ತದೆ. ಇದಕ್ಕೆ ಚಿಕಿತ್ಸೆ ನೀಡುವ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣ ಪತ್ರ ಪಡೆಯತಕ್ಕದ್ದು.

11. ಚಿಕಿತ್ಸೆಯ ನಂತರ

ಧ್ವನಿಪೆಟ್ಟಿಗೆ ತೆಗೆದವರು ಮತ್ತೆ ಮಾತನಾಡಲು ಮೂರು ಮಾರ್ಗಗಳಿವೆ: ಅನ್ನನಾಳದ ಗಾಳಿಯಿಂದ ಮಾತನಾಡುವ ಅಭ್ಯಾಸ, ಕುತ್ತಿಗೆಗೆ ಹಿಡಿಯುವ ವಿದ್ಯುತ್ ಉಪಕರಣ, ಹಾಗೂ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಅಳವಡಿಸುವ ಸಣ್ಣ ಕವಾಟ. ಸ್ಕ್ಲೀರೋಡರ್ಮಾದಿಂದ ಅನ್ನನಾಳ ದುರ್ಬಲವಾಗಿರುವವರು ಯಾವ ಮಾರ್ಗ ಸೂಕ್ತವೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ವಿಚಾರಿಸುವುದು ಒಳ್ಳೆಯದು. ಬೆರಳುಗಳು ಬಿಗಿಯಾಗಿ ಬಾಗಿರುವವರಿಗೆ ಕವಾಟವನ್ನು ಶುಚಿಗೊಳಿಸುವುದು, ಉಪಕರಣದ ಗುಂಡಿ ಒತ್ತುವುದು ಕಷ್ಟವಾಗಬಹುದು. ಮನೆಯವರೊಬ್ಬರು ಜೊತೆಯಲ್ಲಿ ತರಬೇತಿ ಪಡೆಯತಕ್ಕದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಾಕ್ ಚಿಕಿತ್ಸೆಯ ಸೌಲಭ್ಯವಿದೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಅನುಸಾರ, ಧ್ವನಿಪೆಟ್ಟಿಗೆ ತೆಗೆದ ಕಾರಣದಿಂದ ಉಂಟಾಗುವ ಶಾಶ್ವತ ವಾಕ್ ದೋಷವು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿರುತ್ತದೆ. ಅಂತಹವರು ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಪ್ರಾಧಿಕಾರವು ದೃಢೀಕರಿಸಿದಲ್ಲಿ ಅದಕ್ಕೆ ಸಂಬಂಧಿಸಿದ ಸೌಲಭ್ಯಗಳು ಅನ್ವಯಿಸುತ್ತವೆ.

ವಿಕಿರಣದ ತಡವಾದ ಪರಿಣಾಮಗಳು ವರ್ಷಗಳ ನಂತರ ಕಾಣಿಸಿಕೊಳ್ಳಬಹುದಾದ ಕಾರಣ, ಆರೋಗ್ಯವಾಗಿದ್ದೇವೆ ಎಂದು ಮರುತಪಾಸಣೆಯನ್ನು ಕೈಬಿಡಬಾರದು. ಕ್ಯಾನ್ಸರ್ ವಿಭಾಗ ಮತ್ತು ಹಳೆಯ ಕಾಯಿಲೆಯ ವಿಭಾಗ ಎರಡಕ್ಕೂ ಭೇಟಿ ಮುಂದುವರಿಸತಕ್ಕದ್ದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಸ್ಕ್ಲೀರೋಡರ್ಮಾ ಇದೆ. ವಿಕಿರಣ ಚಿಕಿತ್ಸೆ ನೀಡಲಾಗದು ಎಂದು ತಿಳಿಸಿದ್ದಾರೆ. ಮುಂದೇನು?
ಉತ್ತರ: ವಿಕಿರಣ ಆಗದು ಎಂದರೆ ಚಿಕಿತ್ಸೆಯೇ ಇಲ್ಲ ಎಂದು ಅರ್ಥವಲ್ಲ. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಕೇಳುವುದು. ಎರಡನೆಯ ಅಭಿಪ್ರಾಯ ಪಡೆಯಲು ಎಲ್ಲ ವರದಿಗಳ ಪ್ರತಿ ಪಡೆದು, ಎಲ್ಲ ವಿಭಾಗಗಳಿರುವ ಕ್ಯಾನ್ಸರ್ ಕೇಂದ್ರಕ್ಕೆ ವಿಳಂಬ ಮಾಡದೆ ಹೋಗತಕ್ಕದ್ದು.

ಪ್ರಶ್ನೆ: ಕೀಲುಬೇನೆಯ ವಿಷಯ ತಿಳಿಸಿದರೆ ಯೋಜನೆಯ ಸೌಲಭ್ಯ ತಪ್ಪುತ್ತದೆಯೇ?
ಉತ್ತರ: ಇಲ್ಲ. ಮೊದಲೇ ಇದ್ದ ಕಾಯಿಲೆಯ ಕಾರಣದಿಂದ ಸದರಿ ಯೋಜನೆಯಲ್ಲಿ ಸೌಲಭ್ಯ ನಿರಾಕರಣೆಯಾಗುವುದಿಲ್ಲ. ಮರೆಮಾಚುವುದರಿಂದ ಆಗುವ ಹಾನಿ ರೋಗಿಯದೇ.

ಪ್ರಶ್ನೆ: ವಿಕಿರಣ ಈಗಾಗಲೇ ಆರಂಭವಾಗಿದೆ. ಲೂಪಸ್ ಇರುವುದನ್ನು ತಿಳಿಸಿರಲಿಲ್ಲ.
ಉತ್ತರ: ಅದೇ ದಿನ ತಿಳಿಸುವುದು. ಆದರೆ ಹೆದರಿ ಚಿಕಿತ್ಸೆಯನ್ನು ತಾವಾಗಿಯೇ ಅರ್ಧಕ್ಕೆ ನಿಲ್ಲಿಸಬಾರದು. ಮಧ್ಯದಲ್ಲಿ ನಿಂತ ವಿಕಿರಣದಿಂದ ಕ್ಯಾನ್ಸರ್ ಗುಣವಾಗದೆ ಉಳಿಯಬಹುದು. ಮುಂದುವರಿಸುವ, ಬದಲಿಸುವ ಅಥವಾ ನಿಲ್ಲಿಸುವ ತೀರ್ಮಾನ ವೈದ್ಯರದು.

ಪ್ರಶ್ನೆ: ಮೊದಲು ಕೀಲುಬೇನೆ ಪೂರ್ಣ ಹತೋಟಿಗೆ ಬಂದ ಮೇಲೆ ಕ್ಯಾನ್ಸರ್ ಚಿಕಿತ್ಸೆ ಪಡೆಯಬಹುದೇ?
ಉತ್ತರ: ಕ್ಯಾನ್ಸರ್ ಕಾಯುವುದಿಲ್ಲ. ಎರಡೂ ಚಿಕಿತ್ಸೆಗಳನ್ನು ಜೊತೆಯಾಗಿ ಹೊಂದಿಸಿಕೊಂಡು ಹೋಗುವುದೇ ಸರಿಯಾದ ಕ್ರಮ.

13. ಸೂಚನೆ

ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ; ಇವು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಯೋಜನೆಗಳ ನಿಯಮ ಮತ್ತು ದರಗಳು ಸರ್ಕಾರದ ಆದೇಶಗಳಿಗೆ ಒಳಪಟ್ಟಿರುತ್ತವೆ. ಉಸಿರಾಟಕ್ಕೆ ತೊಂದರೆ, ಬಾಯಿಯಿಂದ ರಕ್ತಸ್ರಾವ ಅಥವಾ ನೀರನ್ನೂ ನುಂಗಲಾಗದ ಸ್ಥಿತಿ ಉಂಟಾದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ತೆರಳತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.